‘ಸೊಂಟ ಮುರಿದಿದೆ’ ಎಂದರೆ ಯಾವ ಮೂಳೆ? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ವೈದ್ಯಕೀಯ ಶಿಕ್ಷಣ ಇಲಾಖೆ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಕನ್ನಡ ಅಭಿವೃದ್ಧಿ ಪ್ರಾಧಿಕಾರ.

ವಿಷಯ: ಅಪಘಾತ ಮತ್ತು ಗಾಯಗಳ ತುರ್ತು ಚಿಕಿತ್ಸೆಯಲ್ಲಿ ಬಳಕೆಯಾಗುವ ಪದಗಳಿಗೆ ಖಚಿತವಾದ, ಆಡುಮಾತಿನ ಕನ್ನಡ ರೂಪ ಗೊತ್ತುಪಡಿಸಿ, ರೆಫರಲ್ ಚೀಟಿ (ಗಾಯಾಳುವನ್ನು ಮುಂದಿನ ಆಸ್ಪತ್ರೆಗೆ ಕಳಿಸುವಾಗ ಕೊಡುವ ಚೀಟಿ), ಡಿಸ್ಚಾರ್ಜ್ ಕಾರ್ಡ್ ಮತ್ತು ಗಾಯದ ಪ್ರಮಾಣಪತ್ರಗಳಲ್ಲಿ ಅಳವಡಿಸುವ ಬಗ್ಗೆ.

ಮಾನ್ಯರೇ,

‘ಸೊಂಟ ಮುರಿದಿದೆ, ಬೇಗ ಬನ್ನಿ’ ಎಂದು ಕರೆ ಬರುತ್ತದೆ. ಈ ಒಂದು ಮಾತಿಗೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಅಂದರೆ ಕ್ಯಾಶುವಾಲ್ಟಿಯಲ್ಲಿ, ಮೂರು ಅರ್ಥಗಳಿವೆ. ಬಚ್ಚಲಲ್ಲಿ ಜಾರಿ ಬಿದ್ದ ಎಪ್ಪತ್ತರ ಅಜ್ಜಿಯ ಮನೆಯವರು ಸೊಂಟ ಎನ್ನುವಾಗ ಮುರಿದಿರುವುದು ಸಾಮಾನ್ಯವಾಗಿ ತೊಡೆಮೂಳೆಯ ಮೇಲ್ತುದಿ. ಆ ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿಕೊಂಡಿರುತ್ತದೆ. ಅಡಿಕೆ ಮರದಿಂದ ಬಿದ್ದವರ ವಿಷಯದಲ್ಲಿ ಸೊಂಟ ಎಂದರೆ ಬೆನ್ನುಮೂಳೆಯ ಕೆಳಭಾಗ. ಒಬ್ಬರು ಕಂಕುಳಿಗೆ, ಇನ್ನೊಬ್ಬರು ಕಾಲಿಗೆ ಕೈಹಾಕಿ ಎತ್ತಿದರೆ ಅಲ್ಲಿಯವರೆಗೆ ಆಡುತ್ತಿದ್ದ ಕಾಲುಗಳು ಆಮೇಲೆ ಆಡದೇ ಹೋಗಬಹುದು. ಮೈಮೇಲೆ ಟ್ರ್ಯಾಕ್ಟರ್ ಮಗುಚಿದವರ ಸೊಂಟ ಎಂದರೆ ಹೊಟ್ಟೆಯ ಕೆಳಗೆ ಬಳೆಯಂತಿರುವ ಮೂಳೆಗಳ ಸುತ್ತು. ಅದು ಬಿಚ್ಚಿಕೊಂಡರೆ ಹೊರಗೆ ಒಂದು ಹನಿಯೂ ಕಾಣದೆ ಲೀಟರ್‌ಗಟ್ಟಲೆ ರಕ್ತ ಒಳಗೇ ಸೋರುತ್ತದೆ.

ಈ ಮೂರನೆಯ ಪೆಟ್ಟಿಗೆ ಸ್ಥಳದಲ್ಲೇ ಮಾಡಬಹುದಾದ ಉಪಾಯ ಬಹಳ ಸರಳ. ಒಂದು ಬೆಡ್‌ಶೀಟನ್ನು ಅಗಲ ಪಟ್ಟಿಯಾಗಿ ಮಡಿಸಿ ಸುತ್ತ ಬಿಗಿದರೆ ಬಿಚ್ಚಿದ ಬಳೆ ಮುಚ್ಚಿಕೊಳ್ಳುತ್ತದೆ. ಆದರೆ ಫೋನಿನಲ್ಲಿ ‘ಸೊಂಟಕ್ಕೆ ಬಟ್ಟೆ ಕಟ್ಟಿ’ ಎಂದರೆ ನಮ್ಮ ಜನ ಕಟ್ಟುವುದು ಉಡಿದಾರ ಕೂರುವ ಜಾಗದಲ್ಲಿ. ಆ ಜಾಗ ತೀರಾ ಮೇಲಕ್ಕಾಯಿತು. ಅಲ್ಲಿ ಬಿಗಿದರೆ ಮೂಳೆ ಮುಚ್ಚುವುದಿಲ್ಲ, ಕೆಲವೊಮ್ಮೆ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ತೊಡೆಯ ಹೊರಬದಿಯಲ್ಲಿ, ಪ್ಯಾಂಟಿನ ಜೇಬಿನ ಹತ್ತಿರ, ಕೈಯಿಟ್ಟರೆ ಗಟ್ಟಿಯಾಗಿ ಸಿಗುವ ಗಂಟಿನ ಮಟ್ಟದಲ್ಲಿ ಕಟ್ಟಬೇಕು. ‘ಸೊಂಟಕ್ಕೆ’ ಎನ್ನದೆ ‘ಜೇಬಿನ ಮಟ್ಟಕ್ಕೆ’ ಎಂದಿದ್ದರೆ ಸಾಕಿತ್ತು. ಈ ಪತ್ರ ಬರೆಯುತ್ತಿರುವುದು ಇಂಥ ಒಂದೊಂದು ಪದದ ಸಲುವಾಗಿ.

ನಾವು ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ, ಆಂಬುಲೆನ್ಸ್‌ಗಳಲ್ಲಿ ಕೆಲಸ ಮಾಡುವ ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ತುರ್ತು ವೈದ್ಯಕೀಯ ತಂತ್ರಜ್ಞರು. ನಮ್ಮ ದೂರು ಯಾವುದೋ ಒಂದು ಆಸ್ಪತ್ರೆಯ ಮೇಲಲ್ಲ. 2008ರ ನವೆಂಬರ್‌ನಲ್ಲಿ 108 ಆರೋಗ್ಯ ಕವಚ ಆಂಬುಲೆನ್ಸ್ ಸೇವೆ ಶುರುವಾದ ಮೇಲೆ ವಾಹನ ಬಂತು, ಆಮ್ಲಜನಕ ಬಂತು, ಕುತ್ತಿಗೆಗೆ ಹಾಕುವ ಕಾಲರ್ ಮತ್ತು ಬೆನ್ನು ಅಲುಗದಂತೆ ಮಲಗಿಸುವ ಬೋರ್ಡ್ ಬಂದವು. ಗಾಯಾಳುವಿಗೂ ನಮಗೂ ನಡುವೆ ಓಡಾಡುವ ಮಾತು ಮಾತ್ರ ಹಾಗೇ ಉಳಿಯಿತು. ಜನ ಒಂದು ಕನ್ನಡದಲ್ಲಿ ಹೇಳುತ್ತಾರೆ, ನಾವು ಇಂಗ್ಲಿಷ್‌ನಲ್ಲಿ ಬರೆದುಕೊಳ್ಳುತ್ತೇವೆ, ಮತ್ತೆ ಅದನ್ನು ಅರ್ಧಂಬರ್ಧ ಕನ್ನಡದಲ್ಲಿ ಅವರಿಗೇ ಹೇಳುತ್ತೇವೆ. ಈ ಹೋಗುವ ಬರುವ ದಾರಿಯಲ್ಲಿ ಸುದ್ದಿಯಷ್ಟೇ ಅಲ್ಲ, ಹೊತ್ತೂ ಕಳೆದುಹೋಗುತ್ತದೆ.

ಜನರಿಂದ ನಮ್ಮ ಕಡೆಗೆ ಬರುವ ಮಾತನ್ನೇ ಮೊದಲು ನೋಡಿ. ಕನ್ನಡದಲ್ಲಿ ‘ಕಾಲು’ ಎಂದರೆ ತೊಡೆಸಂದಿನಿಂದ ಬೆರಳ ತುದಿಯವರೆಗೆ ಎಲ್ಲವೂ ಕಾಲೇ. ‘ಕೈ’ ಕೂಡ ಹಾಗೆಯೇ. ದಿನನಿತ್ಯದ ಮಾತಿಗೆ ಇದರಿಂದ ಏನೂ ತೊಂದರೆಯಿಲ್ಲ. ಆದರೆ ‘ಕಾಲು ಮುರಿದಿದೆ’ ಎಂಬಲ್ಲಿ ಮುರಿದದ್ದು ತೊಡೆಮೂಳೆಯಾದರೆ ಒಳಗೇ ಒಂದೂವರೆ ಲೀಟರ್‌ವರೆಗೆ ರಕ್ತ ಸೋರಬಹುದು, ಮೊಣಕಾಲ ಕೆಳಗಿನ ಮೂಳೆಯಾದರೆ ಸುಮಾರು ಮುಕ್ಕಾಲು ಲೀಟರ್. ಎಪ್ಪತ್ತು ಕೆ.ಜಿ. ತೂಕದ ವ್ಯಕ್ತಿಯಲ್ಲಿರುವ ಒಟ್ಟು ರಕ್ತವೇ ಸುಮಾರು ಐದು ಲೀಟರ್. ಹಾಗಾಗಿ ಕರೆ ಸ್ವೀಕರಿಸಿದವರು ‘ಮೊಣಕಾಲಿನ ಮೇಲೋ ಕೆಳಗೋ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿದರೂ ಮುಂದಿನ ಆಸ್ಪತ್ರೆ ರಕ್ತ ಸಿದ್ಧಮಾಡಿಕೊಳ್ಳುವ ತುರ್ತು ಬದಲಾಗುತ್ತದೆ.

ಇನ್ನೊಂದು ಪದ ‘ಮೂರ್ಛೆ’. ಇದರಷ್ಟು ನಮ್ಮನ್ನು ಕಾಡುವ ಪದ ಬೇರೆ ಇಲ್ಲ. ಬಿಸಿಲಿಗೆ ತಲೆಸುತ್ತಿ ಬಿದ್ದರೂ ‘ಮೂರ್ಛೆ ಹೋದ’, ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂದು ಫಿಟ್ಸ್ ಆದರೂ ‘ಮೂರ್ಛೆ ಬಂತು’. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದವರ ವಿಷಯದಲ್ಲಿ ಇವೆರಡೂ ಬೇರೆ ಬೇರೆ ಘಟನೆಗಳು. ಬಿದ್ದ ಕೂಡಲೇ ಸ್ವಲ್ಪ ಹೊತ್ತು ಎಚ್ಚರ ತಪ್ಪಿತ್ತೇ? ಪೆಟ್ಟಾಗಿ ಒಂದೆರಡು ಗಂಟೆ ಕಳೆದ ಮೇಲೆ ಫಿಟ್ಸ್ ಬಂತೇ? ಅಥವಾ ಮೊದಲು ಫಿಟ್ಸ್ ಬಂದು, ಅದರಿಂದಲೇ ಬೈಕಿನಿಂದ ಬಿದ್ದರೇ? ಸಿ.ಟಿ. ಸ್ಕ್ಯಾನ್ ಎಷ್ಟು ಬೇಗ ಆಗಬೇಕು, ಯಾವ ಔಷಧ ಮೊದಲು ಹೋಗಬೇಕು ಎಂಬುದು ಈ ಉತ್ತರದ ಮೇಲೆ ನಿಂತಿದೆ. ಜತೆಗೆ ಬಂದವರನ್ನು ‘ಮೂರ್ಛೆ ಬಂತಾ?’ ಎಂದು ಕೇಳಿ, ಅವರು ‘ಹೌದು ಸಾರ್’ ಎಂದರೆ ನಮಗೆ ಗೊತ್ತಾದದ್ದು ಏನೂ ಇಲ್ಲ. ‘ಎಚ್ಚರ ತಪ್ಪಿತ್ತಾ? ಕೈಕಾಲು ಜಾಡಿಸಿದರಾ?’ ಎಂದು ಎರಡು ಪ್ರಶ್ನೆಯಾಗಿ ಬಿಡಿಸಿ ಕೇಳಬೇಕು. ಹೊಸದಾಗಿ ಕೆಲಸಕ್ಕೆ ಬಂದ ಯುವ ವೈದ್ಯರಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಪ್ರದೇಶದಿಂದ ಪ್ರದೇಶಕ್ಕೂ ಮಾತು ಬೇರೆ. ಕಲಬುರಗಿ ಕಡೆಯವರು ‘ಖಬರ್ ಇಲ್ಲ’ ಎಂದರೆ ಎಚ್ಚರ ತಪ್ಪಿದೆ ಎಂದು. ಧಾರವಾಡದ ಕಡೆ ‘ದಮ್ಮು ಹತ್ತೇತಿ’ ಎಂದರೆ ಉಸಿರಾಟಕ್ಕೆ ತೊಂದರೆ. ಹಳೆ ಮೈಸೂರಿನ ‘ಊತ’ ಉತ್ತರದ ‘ಬಾವು’. ಮಂಡ್ಯದಲ್ಲಿ ಓದಿದವರು ಯಾದಗಿರಿಗೆ ಹೋದರೂ, ಬೀದರಿನವರು ಪುತ್ತೂರಿಗೆ ಹೋದರೂ ಮೊದಲ ಕೆಲವು ವಾರ ತಡವರಿಸುತ್ತಾರೆ. ಬೇರೆ ರಾಜ್ಯದಿಂದ ಬಂದವರ ಪಾಡು ಹೇಳಬೇಕಿಲ್ಲ.

ಇನ್ನು ನಮ್ಮಿಂದ ಜನರ ಕಡೆಗೆ ಹೋಗುವ ಮಾತು. ‘ಪೇಷಂಟ್ ಶಾಕ್‌ನಲ್ಲಿದ್ದಾರೆ’ ಎಂದು ನಾವು ಹೇಳುತ್ತೇವೆ. ಮನೆಯವರು ‘ಪಾಪ, ಗಾಬರಿಯಾಗಿದ್ದಾರೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತಾರೆ’ ಎಂದುಕೊಳ್ಳುತ್ತಾರೆ. ಕೆಲವರು ಕರೆಂಟ್ ಹೊಡೆದಿದೆ ಎಂದು ತಿಳಿಯುತ್ತಾರೆ. ನಾವು ಹೇಳಿದ್ದು ಇದೆರಡೂ ಅಲ್ಲ. ರಕ್ತ ಕಡಿಮೆಯಾಗಿ ಮಿದುಳಿಗೆ, ಮೂತ್ರಪಿಂಡಕ್ಕೆ, ಹೃದಯಕ್ಕೆ ಸಾಕಷ್ಟು ಹರಿಯುತ್ತಿಲ್ಲ, ಪ್ರಾಣಕ್ಕೆ ಕುತ್ತಿದೆ ಎಂಬುದು ಅದರ ಅರ್ಥ. ‘ಮೈಯಲ್ಲಿ ರಕ್ತದ ಓಟ ಕುಸಿದಿದೆ’ ಎಂದರೆ ಯಾರಿಗಾದರೂ ತಿಳಿಯುತ್ತದೆ.

ಇದೇ ಪದದ ಬಗ್ಗೆ ನಮ್ಮವರಲ್ಲೂ ಒಂದು ತಪ್ಪು ಬೇರೂರಿದೆ: ಬಿ.ಪಿ. ಇಳಿದರೆ ಮಾತ್ರ ಶಾಕ್ ಎಂಬುದು. ಒಟ್ಟು ರಕ್ತದ ಶೇ. 15ರವರೆಗೆ, ಅಂದರೆ ಸುಮಾರು 750 ಮಿ.ಲೀ. ಹೋದರೂ ಆರೋಗ್ಯವಂತರಲ್ಲಿ ಏನೂ ಕಾಣದಿರಬಹುದು. ಶೇ. 15ರಿಂದ 30 ಹೋಗುವಾಗ ನಾಡಿ 100 ದಾಟುತ್ತದೆ, ಕೈಕಾಲು ತಣ್ಣಗಾಗುತ್ತವೆ, ಚಡಪಡಿಕೆ ಶುರುವಾಗುತ್ತದೆ. ಬಿ.ಪಿ. ಆಗಲೂ ಹೆಚ್ಚುಕಡಿಮೆ ಸರಿಯಾಗೇ ಇರಬಹುದು. ಅದು ಇಳಿಯುವ ಹೊತ್ತಿಗೆ ಸಾಮಾನ್ಯವಾಗಿ ಶೇ. 30 ದಾಟಿರುತ್ತದೆ. ರೆಫರಲ್ ಚೀಟಿಯಲ್ಲಿ ಬರೀ ‘ಬಿ.ಪಿ. 110/70, ಸ್ಟೇಬಲ್’ ಎಂದು ಬರೆದು ನಾಡಿಯನ್ನು ಬರೆಯದಿದ್ದರೆ ಆ ಚೀಟಿ ಮುಂದಿನ ವೈದ್ಯರಿಗೆ ಸುಳ್ಳು ಸಮಾಧಾನ ಕೊಡುತ್ತದೆ. ‘ಸ್ಟೇಬಲ್’ ಎಂಬ ಪದವಂತೂ ಮನೆಯವರ ಕಿವಿಗೆ ‘ಗುಣವಾಗುತ್ತಿದ್ದಾರೆ’ ಎಂದೇ ಬೀಳುತ್ತದೆ. ವೆಂಟಿಲೇಟರ್ ಮೇಲಿರುವವರೂ ಸ್ಟೇಬಲ್ ಆಗಿರಬಹುದು. ಸದ್ಯಕ್ಕೆ ಹೆಚ್ಚಿಲ್ಲ, ಕಡಿಮೆಯಿಲ್ಲ, ಅಷ್ಟೇ ಅದರರ್ಥ.

ಹೊಟ್ಟೆಗೆ ಪೆಟ್ಟಾಗಿ ಗುಲ್ಮ (ಎಡ ಪಕ್ಕೆಲುಬಿನ ಅಡಿಯಲ್ಲಿರುವ ಸ್ಪ್ಲೀನ್ ಎಂಬ ಅಂಗ) ಸೀಳಿದವರಲ್ಲಿ ನಾಡಿ, ಬಿ.ಪಿ. ಕೈತಪ್ಪದಿದ್ದರೆ ಈಗ ಬಹಳಷ್ಟು ಮಂದಿಗೆ ಆಪರೇಷನ್ ಮಾಡದೆಯೇ ಕಾಯುತ್ತೇವೆ. ಮೇಲಿಂದ ಮೇಲೆ ನಾಡಿ, ಬಿ.ಪಿ. ನೋಡಿ, ಕೆಲವು ಗಂಟೆಗೊಮ್ಮೆ ರಕ್ತ ಪರೀಕ್ಷೆ ಮಾಡಿ, ಅಗತ್ಯಬಿದ್ದ ಕ್ಷಣ ಆಪರೇಷನ್ ಥಿಯೇಟರಿಗೆ ಕರೆದೊಯ್ಯುವ ಸಿದ್ಧತೆಯಲ್ಲಿರುತ್ತೇವೆ. ಇದನ್ನು ಮನೆಯವರಿಗೆ ‘ಕನ್ಸರ್ವೇಟಿವ್ ಮ್ಯಾನೇಜ್‌ಮೆಂಟ್’ ಎಂದು ಹೇಳಿ ಮುಗಿಸಿದರೆ ಅವರ ಕಣ್ಣಿಗೆ ಕಾಣುವುದೇನು? ಗ್ಲೂಕೋಸ್ ಹಾಕಿ ಸುಮ್ಮನೆ ಮಲಗಿಸಿದ್ದಾರೆ ಎಂದು. ಎರಡನೇ ದಿನ ಸಹಿ ಹಾಕಿ ಕರೆದುಕೊಂಡು ಹೋಗುತ್ತಾರೆ. ಗುಲ್ಮ ಮತ್ತೆ ಸೋರುವ ಅಪಾಯ ಇರುವುದು ಆ ಮೊದಲ ದಿನಗಳಲ್ಲೇ. ‘ಕತ್ತಿ ಹಾಕದೆ ಕಾವಲು ಕಾಯುವ ಚಿಕಿತ್ಸೆ’ ಎಂದು ಒಂದು ಸಾಲು ಹೇಳಿದರೆ ಅವರೇ ನಮ್ಮ ಜತೆ ಕಾವಲು ಕೂರುತ್ತಾರೆ.

ತಲೆಗೆ ಪೆಟ್ಟಾದವರ ಎಚ್ಚರವನ್ನು ಅಳೆಯಲು ನಾವು ಬಳಸುವ ಗ್ಲಾಸ್ಗೋ ಅಂಕದ ಬಗ್ಗೆ ತಮ್ಮ ವಿಶೇಷ ಗಮನ ಕೋರುತ್ತೇವೆ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಅತಿ ಕಡಿಮೆ 3, ಸೊನ್ನೆ ಅಲ್ಲ. 8 ಅಥವಾ ಅದಕ್ಕಿಂತ ಕಡಿಮೆಯಾದರೆ ಉಸಿರಿನ ದಾರಿ ಕಾಪಾಡಲು ನಳಿಗೆ ಹಾಕುವ ಯೋಚನೆ ಶುರುವಾಗುತ್ತದೆ. ಇದರಲ್ಲಿ ಮಾತಿನ 5 ಅಂಕ ಪೂರ್ತಿ ಸಿಗಬೇಕಾದರೆ ತಾನೆಲ್ಲಿದ್ದೇನೆ, ಇದು ಯಾವ ತಿಂಗಳು ಎಂದು ಗಾಯಾಳು ಹೇಳಬೇಕು. ಚಲನೆಯ 6 ಅಂಕಕ್ಕೆ ಹೇಳಿದಂತೆ ಕೈ ಎತ್ತಬೇಕು. ಕನ್ನಡ ಮಾತ್ರ ಬಲ್ಲವರನ್ನು, ಅಥವಾ ಮನೆಯಲ್ಲಿ ತುಳು, ಲಂಬಾಣಿ, ಉರ್ದು ಆಡುವವರನ್ನು, ಅವರಿಗೆ ಬಾರದ ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಕೇಳಿದರೆ ಅವರು ಪಿಳಿಪಿಳಿ ನೋಡುತ್ತಾರೆ. ಚೀಟಿಯಲ್ಲಿ ‘ಗೊಂದಲದಲ್ಲಿದ್ದಾರೆ’ ಎಂದು ದಾಖಲಾಗುತ್ತದೆ. 15 ಇರಬೇಕಾದದ್ದು 13 ಆಗುತ್ತದೆ. ಅನಗತ್ಯ ಸ್ಕ್ಯಾನ್, ಅನಗತ್ಯ ರೆಫರಲ್ ಒಂದು ನಷ್ಟ. ದೊಡ್ಡ ನಷ್ಟ ಮುಂದಿದೆ: ಎರಡು ಗಂಟೆಯ ನಂತರ ನಿಜವಾಗಿಯೇ 13ಕ್ಕೆ ಇಳಿದಾಗ ‘ಬಂದಾಗಲೂ 13 ಇತ್ತಲ್ಲ’ ಎಂದು ಯಾರೂ ಬೆಚ್ಚುವುದಿಲ್ಲ. ಈ ಅಂಕದ ಬೆಲೆ ಇರುವುದೇ ಏರಿಳಿತದಲ್ಲಿ. ಬರೆಯುವಾಗಲೂ ಒಟ್ಟು ಮೊತ್ತ ಮಾತ್ರ ಬರೆಯದೆ ಕಣ್ಣು, ಮಾತು, ಚಲನೆ ಎಂದು ಮೂರನ್ನೂ ಬಿಡಿಬಿಡಿಯಾಗಿ ಬರೆಯಬೇಕು.

ತಲೆಬುರುಡೆಯ ಒಳಗೆ, ಮಿದುಳಿನ ಹೊರಪೊರೆಯ ಮೇಲೆ ರಕ್ತ ಹೆಪ್ಪುಗಟ್ಟುವ ಒಂದು ಬಗೆಯಿದೆ. ಗಾಯಾಳು ಮೊದಲು ಎಚ್ಚರ ತಪ್ಪಿ, ಆಮೇಲೆ ಎದ್ದು ಕೂತು, ಕಾಫಿ ಕುಡಿದು, ಚೆನ್ನಾಗಿ ಮಾತಾಡಿ, ಕೆಲವು ಗಂಟೆಯ ನಂತರ ಮತ್ತೆ ಕುಸಿಯಬಹುದು. ಆ ನಡುವಿನ ಚೆನ್ನಾಗಿರುವ ಹೊತ್ತೇ ಮೋಸದ ಹೊತ್ತು. ಮನೆಗೆ ಕಳಿಸುವವರ ಕೈಗೆ ಎಚ್ಚರಿಕೆಯ ಕಾಗದ ಕೊಡುವುದು ಇದಕ್ಕಾಗಿಯೇ. ನಾವು ಕಂಡ ಹೆಚ್ಚಿನ ಕಡೆ ಆ ಕಾಗದ ಇಂಗ್ಲಿಷ್‌ನಲ್ಲಿದೆ, ಇಲ್ಲವೇ ಕಾಗದವೇ ಇಲ್ಲ. ಅದರಲ್ಲಿ ಇರಬೇಕಾದದ್ದು ಇಷ್ಟೇ: ತಲೆನೋವು ಹೆಚ್ಚುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಫಿಟ್ಸ್ ಬಂದರೆ, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಬಂದರೆ ಆ ಕ್ಷಣ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ರಕ್ತ ತೆಳುಮಾಡುವ ಮಾತ್ರೆ ತಿನ್ನುವವರಾದರೆ ಮೊದಲೇ ಹೇಳಿ. ಅಂಗೈ ಅಗಲದ ಚೀಟಿ ಸಾಕು. ಅಕ್ಷರ ದಪ್ಪವಿರಲಿ, ರಾತ್ರಿ ಬಲ್ಬಿನ ಬೆಳಕಿನಲ್ಲಿ ಓದುವಂತಿರಲಿ.

ಮೂಳೆಯ ವಿಷಯಕ್ಕೆ ಬಂದರೆ, ‘ಫ್ರಾಕ್ಚರ್ ಇಲ್ಲ, ಬರೀ ಕ್ರ್ಯಾಕ್’ ಎಂಬ ಮಾತು ರಾಜ್ಯದ ಮೂಲೆಮೂಲೆಯಲ್ಲೂ ಕೇಳುತ್ತದೆ. ಕ್ರ್ಯಾಕ್ ಕೂಡ ಫ್ರಾಕ್ಚರ್ರೇ. ಎರಡಕ್ಕೂ ಕನ್ನಡದಲ್ಲಿ ಮುರಿತ ಎಂದೇ ಹೇಳಬೇಕು. ಒಂದು ಬಿರುಕು ಮುರಿತ, ಇನ್ನೊಂದು ಜರುಗಿದ ಮುರಿತ. ಉಳುಕು ಎಂದರೆ ಕೀಲನ್ನು ಹಿಡಿದಿರುವ ನಾರಿಗೆ ಪೆಟ್ಟು, ಕೀಲು ತಪ್ಪುವುದು ಎಂದರೆ ಮೂಳೆ ತನ್ನ ಗೂಡಿನಿಂದ ಹೊರಬರುವುದು. ಕೈಯೂರಿ ಬಿದ್ದವರಲ್ಲಿ ಹೆಬ್ಬೆರಳ ಬುಡದ ಚಿಕ್ಕ ಮೂಳೆಯ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ‘ಎಕ್ಸ್‌ರೇ ನಾರ್ಮಲ್’ ಎಂದು ಹೇಳಿ ಕಳಿಸದೆ, ಪಟ್ಟಿ ಕಟ್ಟಿ, ಹತ್ತರಿಂದ ಹದಿನಾಲ್ಕು ದಿನಕ್ಕೆ ಮತ್ತೆ ಎಕ್ಸ್‌ರೇಗೆ ಬನ್ನಿ ಎಂದು ಬರೆದುಕೊಡಬೇಕು. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಅದು ತೆರೆದ ಮುರಿತ. ಒಳಗೆ ತಳ್ಳಬಾರದು, ಶುಭ್ರವಾದ ಒದ್ದೆ ಬಟ್ಟೆ ಮುಚ್ಚಬೇಕು. ಆಸ್ಪತ್ರೆಯಲ್ಲಿ ನಂಜು ತಡೆಯುವ ಇಂಜೆಕ್ಷನ್ ಆದಷ್ಟು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ ಹೋಗಬೇಕು. ಚೀಟಿಯಲ್ಲಿ ‘ತೆರೆದ’ ಎಂಬ ಒಂದು ಪದ ಬಿಟ್ಟುಹೋದರೆ ಆ ಇಂಜೆಕ್ಷನ್ ಮುಂದಿನ ಆಸ್ಪತ್ರೆಯ ಸರದಿ ಸಾಲಿನಲ್ಲಿ ಕಾಯುತ್ತದೆ.

ನಾಟಿ ಕಟ್ಟಿನ ಬಗ್ಗೆ ಜನರಿಗಿರುವ ನಂಬಿಕೆಯನ್ನು ನಾವು ಹೀಗಳೆಯುವುದಿಲ್ಲ. ಆಂಧ್ರದ ಪುತ್ತೂರು ಕಟ್ಟಿಗೆ ಕರ್ನಾಟಕದಿಂದ ಇಂದಿಗೂ ಜನ ಹೋಗುತ್ತಾರೆ. ಆದರೆ ಕಟ್ಟು ಯಾರದೇ ಆಗಲಿ, ನಮ್ಮ ಪ್ಲಾಸ್ಟರೇ ಆಗಲಿ, ಒಳಗೆ ಊತ ಹೆಚ್ಚಿ ಜಾಗ ಸಾಲದೇ ಹೋದರೆ ಮಾಂಸಖಂಡಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಸುಮಾರು ಆರು ಗಂಟೆಯಲ್ಲಿ ಸ್ನಾಯು ಸಾಯತೊಡಗುತ್ತದೆ. ಇದಕ್ಕೆ ಇಂಗ್ಲಿಷ್ ಹೆಸರಿದೆ, ಕನ್ನಡದಲ್ಲಿ ಜನಕ್ಕೆ ಗೊತ್ತಿರುವ ಹೆಸರಿಲ್ಲ. ಹೆಸರಿಲ್ಲದ್ದರಿಂದ ಭಯವೂ ಇಲ್ಲ. ‘ಬಿಗಿತದ ಊತ’ ಎಂದು ಕರೆಯೋಣ ಎಂಬುದು ನಮ್ಮ ಸೂಚನೆ. ಗುರುತು ಹೀಗೆ: ಗಾಯಕ್ಕೆ ಮೀರಿದ ನೋವು, ಮಾತ್ರೆಗೂ ಬಗ್ಗದ ನೋವು. ಬೆರಳನ್ನು ಮೆಲ್ಲಗೆ ಚಾಚಿಸಿದರೆ ಜೀವ ಹೋಗುವಂಥ ನೋವು. ಆಮೇಲೆ ಜೋಮು. ನಾಡಿ ಸಿಗುತ್ತಿದೆ, ಬೆರಳು ಕೆಂಪಗಿದೆ ಎಂದು ಸಮಾಧಾನಪಡುವಂತಿಲ್ಲ, ನಾಡಿ ನಿಲ್ಲುವ ಹೊತ್ತಿಗೆ ತಡವಾಗಿರುತ್ತದೆ. ಕಟ್ಟನ್ನು ಸಡಿಲಿಸಿದರೆ ಸಾಲದು, ಒಳಗಿನ ಹತ್ತಿಯ ಸಮೇತ ಚರ್ಮ ಕಾಣುವವರೆಗೆ ಉದ್ದಕ್ಕೂ ಸೀಳಬೇಕು. ಪ್ಲಾಸ್ಟರ್ ಹಾಕಿಸಿಕೊಂಡ ಪ್ರತಿಯೊಬ್ಬರ ಕೈಗೂ ಈ ನಾಲ್ಕು ಸಾಲು ಸಿಗಬೇಕು.

ಸುಟ್ಟಗಾಯದಲ್ಲಿ ಭಾಷಾಂತರವೇ ಮೋಸ ಮಾಡಿದೆ. ಫಸ್ಟ್ ಡಿಗ್ರಿ ಎಂಬುದನ್ನು ‘ಪ್ರಥಮ ದರ್ಜೆ’ ಎಂದು ಕನ್ನಡಿಸಿದ ಕೈಪಿಡಿಗಳನ್ನು ನೋಡಿದ್ದೇವೆ. ಪರೀಕ್ಷೆಯಲ್ಲಿ ಪ್ರಥಮ ದರ್ಜೆ, ಬೋಗಿಯಲ್ಲಿ ಪ್ರಥಮ ದರ್ಜೆ ಎಂದರೆ ಎಲ್ಲಕ್ಕಿಂತ ಮೇಲಿನದು. ಆದ್ದರಿಂದ ಪ್ರಥಮ ದರ್ಜೆಯ ಸುಟ್ಟಗಾಯ ಎಲ್ಲಕ್ಕಿಂತ ಭೀಕರ ಎಂದು ಓದಿದವರು ತಿಳಿದರೆ ತಪ್ಪು ಅವರದಲ್ಲ. ನಿಜದಲ್ಲಿ ಅದು ಬಿಸಿಲಿಗೆ ಚರ್ಮ ಕೆಂಪಾದಷ್ಟೇ. ದರ್ಜೆ ಬೇಡ. ಕೆಂಪಾದ ಸುಟ್ಟಗಾಯ, ನೀರುಗುಳ್ಳೆ ಎದ್ದ ಸುಟ್ಟಗಾಯ, ಬಿಳಿಚಿ ಅಥವಾ ಕರಕಲಾಗಿ ಸ್ಪರ್ಶ ಸತ್ತ ಸುಟ್ಟಗಾಯ ಎಂದು ಕಣ್ಣಿಗೆ ಕಾಣುವಂತೆ ಹೇಳಿದರೆ ಸಾಕು. ಕೊನೆಯದರಲ್ಲಿ ನರದ ತುದಿಗಳೂ ಸುಟ್ಟಿರುವುದರಿಂದ ನೋವಿರುವುದಿಲ್ಲ. ‘ನೋವೇ ಇಲ್ಲ ಅಂತಾರೆ, ಪರವಾಗಿಲ್ಲ’ ಎಂದು ಮನೆಯವರು ನೆಮ್ಮದಿಪಡುವುದು ಅಲ್ಲೇ.

ಶೇಕಡಾ ಲೆಕ್ಕವೂ ಹಾಗೆಯೇ. ಗಾಯಾಳುವಿನ ಅಂಗೈ, ಬೆರಳುಗಳೂ ಸೇರಿ, ಮೈಯ ಶೇ. 1. ದೊಡ್ಡವರಲ್ಲಿ ಒಂದು ತೋಳು ಪೂರ್ತಿ 9, ಒಂದು ಕಾಲು ಪೂರ್ತಿ 18. ಬರೀ ಕೆಂಪಾದ ಭಾಗವನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಸೇರಿಸಿದ್ದರಿಂದಲೇ ಶೇ. 15 ಸುಟ್ಟವರು ಚೀಟಿಯಲ್ಲಿ ಶೇ. 30 ಆಗಿ ಬರುತ್ತಾರೆ. 60 ಕೆ.ಜಿ. ತೂಕದ, ನಿಜವಾಗಿಯೂ ಶೇ. 30 ಸುಟ್ಟವರಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರದಂತೆ 4 ಮಿ.ಲೀ.ಯನ್ನು ತೂಕದ 60ರಿಂದ, ಅದನ್ನು ಸುಟ್ಟ ಶೇಕಡಾ 30ರಿಂದ ಗುಣಿಸಿದರೆ 24 ಗಂಟೆಗೆ 7,200 ಮಿ.ಲೀ. ದ್ರವ. ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯಲ್ಲಿ ಹೋಗಬೇಕು. ಎಂಟು ಗಂಟೆ ಎಣಿಸುವುದು ಸುಟ್ಟ ಗಳಿಗೆಯಿಂದ, ಆಸ್ಪತ್ರೆಗೆ ಬಂದ ಗಳಿಗೆಯಿಂದಲ್ಲ. ಮೂರು ಗಂಟೆ ದಾರಿಯಲ್ಲೇ ಕಳೆದಿದ್ದರೆ ಆ 3,600 ಮಿ.ಲೀ. ಉಳಿದ ಐದು ಗಂಟೆಯಲ್ಲಿ ಸೇರಬೇಕು. ಆಮೇಲೆ ಗಂಟೆಗೆ ಎಷ್ಟು ಮೂತ್ರ ಬರುತ್ತಿದೆ ಎಂಬುದನ್ನು ನೋಡಿ ಹೆಚ್ಚುಕಡಿಮೆ ಮಾಡುತ್ತೇವೆ. ಸುಟ್ಟ ಹೊತ್ತು ಚೀಟಿಯಲ್ಲಿ ಇಲ್ಲದಿದ್ದರೆ ಈ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಮನೆಯಲ್ಲಿ ಮಾಡಬೇಕಾದದ್ದು ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಇಂಕು, ಬೆಣ್ಣೆ ಯಾವುದೂ ಬೇಡ.

ಆಲೆಮನೆಯ ಗಾಣ, ಮೇವು ಕತ್ತರಿಸುವ ಯಂತ್ರ, ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿ ಬೆರಳು ತುಂಡಾದಾಗ ‘ಐಸ್‌ನಲ್ಲಿಟ್ಟು ತನ್ನಿ’ ಎಂದು ಫೋನಿನಲ್ಲಿ ಹೇಳುವುದು ವಾಡಿಕೆ. ಜನ ಹೇಳಿದಂತೆಯೇ ಮಾಡುತ್ತಾರೆ, ಐಸ್‌ಗಡ್ಡೆಯ ನಡುವೆ ಬೆರಳಿಟ್ಟು ತರುತ್ತಾರೆ. ಐಸ್ ನೇರವಾಗಿ ತಗುಲಿದ ಬೆರಳಿನ ಜೀವಕೋಶಗಳು ಹೆಪ್ಪುಗಟ್ಟಿ ಸಾಯುತ್ತವೆ. ಮತ್ತೆ ಜೋಡಿಸುವ ಅವಕಾಶ ಅಲ್ಲಿಗೇ ಕೈಜಾರಬಹುದು. ಹೇಳಬೇಕಾದ ಮಾತು ಇದು: ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಬೆರೆಸಿದ ನೀರಿನಲ್ಲಿಡಿ. ಒಂದು ಸಾಲಿನ ಜಾಗದಲ್ಲಿ ಎರಡು ಸಾಲು, ಅಷ್ಟೇ ವ್ಯತ್ಯಾಸ.

ಕೊನೆಗೆ ಗಾಯದ ಪ್ರಮಾಣಪತ್ರ. ಆಸ್ಪತ್ರೆಯ ಬಾಗಿಲಲ್ಲಿ ಅತಿ ಹೆಚ್ಚು ಜಗಳ ತರುವ ಕಾಗದ ಇದು. ತಲೆಯ ಮೇಲೆ ಉದ್ದದ ಸೀಳು, ಹನ್ನೆರಡು ಹೊಲಿಗೆ, ಅಂಗಿಯೆಲ್ಲ ರಕ್ತ. ಆದರೂ ಪ್ರಮಾಣಪತ್ರದಲ್ಲಿ ‘ಸಾದಾ ಗಾಯ’ ಎಂದಿದ್ದರೆ ಮನೆಯವರು ವೈದ್ಯರು ಹಣ ತಿಂದಿದ್ದಾರೆ ಎನ್ನುತ್ತಾರೆ. ಎದುರಾಳಿಗೆ ಒಂದು ಹಲ್ಲು ಮುರಿದಿದ್ದರೆ ಅದು ‘ತೀವ್ರ ಗಾಯ’. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಂ ಹೇಳುವುದೇ ಹಾಗೆ. ಮೂಳೆ ಅಥವಾ ಹಲ್ಲು ಮುರಿದರೆ, ಕೀಲು ತಪ್ಪಿದರೆ, ಕಣ್ಣು ಕಿವಿ ಶಾಶ್ವತವಾಗಿ ಹೋದರೆ, ಮುಖ ಶಾಶ್ವತವಾಗಿ ವಿಕಾರವಾದರೆ, ಪ್ರಾಣಾಪಾಯವಾದರೆ, 15 ದಿನ ತೀವ್ರ ನೋವಿನಲ್ಲಿದ್ದರೆ ಅಥವಾ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಗಾಯ. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನವಿತ್ತು. ಕಾನೂನಿನ ‘ತೀವ್ರ’ ಬೇರೆ, ವೈದ್ಯರ ‘ಸೀರಿಯಸ್’ ಬೇರೆ ಎಂಬುದನ್ನು ಪ್ರಮಾಣಪತ್ರದ ಹಿಂಬದಿಯಲ್ಲಿ ಕನ್ನಡದಲ್ಲಿ ಅಚ್ಚು ಮಾಡಿದರೆ ಅರ್ಧ ಜಗಳ ತಪ್ಪುತ್ತದೆ. ಎಕ್ಸ್‌ರೇ ವರದಿ ಬರುವ ಮೊದಲೇ ಯಾವುದೋ ಒಂದನ್ನು ಬರೆದುಕೊಡುವ ಒತ್ತಡವೂ ನಿಲ್ಲಬೇಕು. ‘ಅಭಿಪ್ರಾಯ ಕಾಯ್ದಿರಿಸಿದೆ’ ಎಂದು ಬರೆಯಲು ಅಲ್ಲೇ ಒಂದು ಚೌಕ ಇರಲಿ.

ಗಾಯದ ಬಗೆ ಬರೆಯುವಾಗ ನಡೆಯುವ ತಪ್ಪು ಇನ್ನೂ ಸೂಕ್ಷ್ಮ. ದೊಣ್ಣೆ, ಕಲ್ಲು ತಗುಲಿ ಚರ್ಮ ಬಿರಿದರೆ ಅದು ಹರಿದ ಗಾಯ. ಮಚ್ಚು, ಬ್ಲೇಡಿನಿಂದಾದದ್ದು ಕೊಯ್ದ ಗಾಯ. ನೆತ್ತಿಯ ಮೇಲೆ ಚರ್ಮದ ಅಡಿಯಲ್ಲೇ ಮೂಳೆಯಿರುವುದರಿಂದ ದೊಣ್ಣೆಯ ಗಾಯವೂ ಚಾಕುವಿನಿಂದ ಕೊಯ್ದಂತೆ ನೇರವಾಗಿ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಬೇಕು. ಅಂಚು ಜಜ್ಜಿದ್ದು, ಕೂದಲ ಬುಡ ನಜ್ಜುಗುಜ್ಜಾಗಿ, ಗಾಯದ ಆಳದಲ್ಲಿ ಒಂದು ದಡದಿಂದ ಇನ್ನೊಂದಕ್ಕೆ ದಾರದಂಥ ಎಳೆಗಳು ಉಳಿದಿದ್ದರೆ ಅದು ಹರಿದದ್ದು. ಎರಡಕ್ಕೂ ‘ಸೀಳು ಗಾಯ’ ಎಂದು ಒಂದೇ ಪದ ಬರೆದರೆ ಯಾವ ಆಯುಧ ಎಂಬ ಪ್ರಶ್ನೆ ನ್ಯಾಯಾಲಯದಲ್ಲಿ ಉತ್ತರವಿಲ್ಲದೆ ನಿಲ್ಲುತ್ತದೆ.

ಈ ಪದಗಳನ್ನು ಹೊಸದಾಗಿ ಹುಟ್ಟಿಸಬೇಕಾಗಿಲ್ಲ ಎಂಬುದೇ ನಮ್ಮ ಮುಖ್ಯ ಮಾತು. ನಮ್ಮ ಪೊಲೀಸ್ ಠಾಣೆಗಳ ದೂರುಗಳನ್ನು ಓದಿ ನೋಡಿ. ತರಚಿದ ಗಾಯ, ರಕ್ತಗಾಯ, ಗುಪ್ತಗಾಯ, ಕಂದುಗಟ್ಟಿದ ಗಾಯ ಎಂದು ಬರೆಯುತ್ತಲೇ ಬಂದಿದ್ದಾರೆ. ‘ಗುಪ್ತಗಾಯ’ ಎಷ್ಟು ಒಳ್ಳೆಯ ಪದ! ಹೊರಗೆ ಕಾಣದ, ಒಳಗೆ ಅಡಗಿದ ಪೆಟ್ಟು. ‘ರಕ್ತ ಬಂದಿಲ್ಲ ಸಾರ್, ಏನಾಗಿಲ್ಲ’ ಎನ್ನುವವರಿಗೆ ‘ಗುಪ್ತಗಾಯ ಇರಬಹುದು, ಆರು ಗಂಟೆ ಇಲ್ಲೇ ಇರಿ’ ಎಂದರೆ ಥಟ್ಟನೆ ತಿಳಿಯುತ್ತದೆ. ಇದನ್ನು ಬಿಟ್ಟು ಸಮಿತಿಯಲ್ಲಿ ಕೂತು ‘ಅಂತರ್ವೇಧಿ ಕ್ಷತ’ದಂಥ ಪದ ಕಟ್ಟಿದರೆ ಅದು ಇಂಗ್ಲಿಷ್‌ಗಿಂತ ದೂರವಾಗುತ್ತದೆ. ಲಿವರನ್ನು ಲಿವರ್ ಎಂದೇ, ಸ್ಕ್ಯಾನನ್ನು ಸ್ಕ್ಯಾನ್ ಎಂದೇ ಬಿಡಿ. ಜನ ಆಡುವ ಪದ ಯಾವ ಮೂಲದ್ದಾದರೂ ಅದು ಕನ್ನಡವೇ.

ಆದ್ದರಿಂದ ನಮ್ಮ ಕೋರಿಕೆಗಳು. ಮೊದಲನೆಯದಾಗಿ, ಸುಮಾರು ಎಂಬತ್ತು ಪದಗಳ ಒಂದು ಗಾಯದ ಪದಪಟ್ಟಿ. ಅದನ್ನು ಕ್ಯಾಶುವಾಲ್ಟಿಯ ಶುಶ್ರೂಷಾಧಿಕಾರಿಗಳು, ಆಂಬುಲೆನ್ಸ್ ಸಿಬ್ಬಂದಿ, ಠಾಣೆಯ ಬರಹಗಾರರು, ಆಶಾ ಕಾರ್ಯಕರ್ತೆಯರು ಕೂತು ಮಾಡಲಿ, ಭಾಷಾ ತಜ್ಞರು ತಿದ್ದಲಿ. ನಾಲ್ಕೂ ಕಂದಾಯ ವಿಭಾಗಗಳ ಮಾತು ಅದರಲ್ಲಿ ಅಕ್ಕಪಕ್ಕ ಇರಲಿ. ಎರಡನೆಯದಾಗಿ, ರೆಫರಲ್ ಚೀಟಿಯ ಮೇಲ್ಭಾಗದಲ್ಲೇ ಗಾಯವಾದ ಹೊತ್ತಿಗೆ ಒಂದು ಚೌಕ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ‘ಗೋಲ್ಡನ್ ಅವರ್’ ಅನ್ನು ಗಾಯವಾದ ಗಳಿಗೆಯಿಂದ ಒಂದು ಗಂಟೆ ಎಂದು ಹೇಳುತ್ತದೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಇಂಜೆಕ್ಷನ್ ಗಾಯವಾದ ಮೂರು ಗಂಟೆಯೊಳಗೆ ಕೊಟ್ಟರೆ ಪ್ರಾಣ ಉಳಿಸುತ್ತದೆ, ಆಮೇಲೆ ಕೊಟ್ಟರೆ ಹಾನಿಯೂ ಆಗಬಹುದು. ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಪಟ್ಟಿ ಹಾಕಿದ್ದರೆ ಹಾಕಿದ ಹೊತ್ತು ಬೇಕು. ಇಷ್ಟೆಲ್ಲ ಹೊತ್ತಿನ ಮೇಲೆ ನಿಂತಿರುವಾಗ, ನಾವು ಕಾಣುವ ಬಹುತೇಕ ಚೀಟಿಗಳಲ್ಲಿ ಇರುವುದು ಚೀಟಿ ಬರೆದ ಹೊತ್ತು ಮಾತ್ರ.

ಮೂರನೆಯದಾಗಿ, ತಲೆಪೆಟ್ಟು, ಪ್ಲಾಸ್ಟರ್, ಸುಟ್ಟಗಾಯ ಈ ಮೂರಕ್ಕೆ ಕನ್ನಡದ ಕೈಚೀಟಿ. ಗಡಿ ಜಿಲ್ಲೆಗಳಲ್ಲಿ ಹಿಂಬದಿಗೆ ಅಲ್ಲಿನ ಇನ್ನೊಂದು ಭಾಷೆ. ನಾಲ್ಕನೆಯದಾಗಿ, ಗ್ಲಾಸ್ಗೋ ಅಂಕಕ್ಕೆ ಕೇಳುವ ನಾಲ್ಕೈದು ಪ್ರಶ್ನೆಗಳನ್ನು ಕನ್ನಡ, ಉರ್ದು, ತುಳು, ಲಂಬಾಣಿ, ತೆಲುಗು, ಮರಾಠಿಯಲ್ಲಿ ಕನ್ನಡ ಲಿಪಿಯಲ್ಲೇ ಬರೆದು ಬಂದವರಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ಪ್ರತಿ ಟ್ರಯಾಜ್ ಮೇಜಿನ ಮೇಲೆ ಅಂಟಿಸುವುದು. ಐದನೆಯದಾಗಿ, 108ರ ಕರೆ ಸ್ವೀಕರಿಸುವವರ ಪ್ರಶ್ನಾವಳಿಯಲ್ಲಿ ಸೊಂಟ, ಕಾಲು, ಮೂರ್ಛೆ ಈ ಮೂರು ಪದ ಬಂದಾಗ ಬಿಡಿಸಿ ಕೇಳುವ ಮರುಪ್ರಶ್ನೆ ಸೇರಿಸುವುದು.

ವೈದ್ಯಕೀಯ ಶಿಕ್ಷಣ ಇಲಾಖೆಗೂ ವಿಶ್ವವಿದ್ಯಾಲಯಕ್ಕೂ ಒಂದು ಮಾತು. 2019ರಲ್ಲಿ ಬಂದ ಎಂಬಿಬಿಎಸ್ ಪಠ್ಯಕ್ರಮದ ಆರಂಭದ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಜಾಗವಿದೆ. ಅಲ್ಲಿ ‘ನಿಮ್ಮ ಹೆಸರೇನು, ಊಟ ಆಯಿತೇ’ ಕಲಿಸುವುದರ ಜತೆಗೆ ‘ಯಾವಾಗ ಬಿದ್ದಿರಿ, ಎಲ್ಲಿ ನೋವು, ಬೆರಳು ಆಡಿಸಿ, ಜೋಮು ಹಿಡಿದಿದೆಯಾ’ ಎಂಬುದನ್ನೂ ಕಲಿಸಬೇಕು. ಓದು ಮುಗಿಸಿದವರು ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಹೌಸ್‌ಸರ್ಜನ್ಸಿಯ ಕ್ಯಾಶುವಾಲ್ಟಿ ಪಾಳಿ ಶುರುವಾಗುವ ಮೊದಲು ಇದರಲ್ಲಿ ಒಂದು ಮೌಖಿಕ ಪರೀಕ್ಷೆ ಇರಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಈಗ ಅಚ್ಚಾಗುತ್ತಿರುವ ಚೀಟಿಗಳೇ ಮುಂದಿನ ಸಲ ಬೇರೆ ರೀತಿಯಲ್ಲಿ ಅಚ್ಚಾಗಬೇಕು. ಪದಪಟ್ಟಿಯ ಮೊದಲ ಕರಡನ್ನು, ಮೂರು ಕೈಚೀಟಿಗಳ ಮಾದರಿಯನ್ನು ನಾವೇ ಪಾಳಿ ಮುಗಿದ ಮೇಲೆ ಕೂತು ಸಿದ್ಧಪಡಿಸಿ ಇಲಾಖೆಗೆ ಸಲ್ಲಿಸಲು ತಯಾರಿದ್ದೇವೆ. ಒಂದು ಜಿಲ್ಲೆಯಲ್ಲಿ ಮೂರು ತಿಂಗಳು ಪ್ರಯೋಗ ಮಾಡಲು ತಾವು ಅನುಮತಿ ನೀಡಬೇಕೆಂದು, ಅದಕ್ಕೊಬ್ಬ ನೋಡಲ್ ಅಧಿಕಾರಿಯನ್ನು ಗೊತ್ತುಮಾಡಬೇಕೆಂದು ವಿನಂತಿಸುತ್ತೇವೆ.

ಇಂತಿ,
ತುರ್ತು ಚಿಕಿತ್ಸಾ ವಿಭಾಗಗಳ ವೈದ್ಯರು, ಶುಶ್ರೂಷಾಧಿಕಾರಿಗಳು ಮತ್ತು ಆಂಬುಲೆನ್ಸ್ ಸಿಬ್ಬಂದಿ